ಬಾಟಲಿಯೊಳಗಿನ ಗಾಳಿ

ಯಾರೋ ತನ್ನ ಪೆಟ್ಟಿಗೆಗೆ ಕೈ ಹಾಕಿದ್ದಾರೆ ಎಂಬ ಅನುಮಾನ ಅವಳಿಗೆ ಬಂದದ್ದು ಬಾಟಲಿಯನ್ನು ನೋಡಿದ ಮೇಲೆ.

ಬೆಟ್ಟದೂರಿಗೆ ಬಂದಾಗಿನಿಂದ ಆ ಪೆಟ್ಟಿಗೆಯ ಬೀಗ ತೆಗೆಯುವ ಧೈರ್ಯ ಅವಳಿಗೆ ಆಗಿರಲಿಲ್ಲ. ಈ ಬೆಳಿಗ್ಗೆ ಚಳಿ ತಡೆಯಲಾರದೆ, ಗಂಡನ ಸ್ವೆಟರನ್ನಾದರೂ ಹಾಕಿಕೊಳ್ಳೋಣವೆಂದು ತೆಗೆದಳು. ಸ್ವೆಟರಿನ ಮಡಿಕೆಯಿಂದ ನೀರಿನ ಬಾಟಲಿ ಉರುಳಿ ಮಂಚದ ಮೇಲೆ ಬಿತ್ತು.

ಅರ್ಧ ನೀರು, ಅರ್ಧ ಗಾಳಿ. ಮೇಲೆ ಮಗಳು ಅಂಟಿಸಿದ ಹಳದಿ ಬಾತುಕೋಳಿ. ಊರಿನ ಮನೆಯಲ್ಲಿದ್ದಷ್ಟು ದಿನವೂ ಆ ಬಾಟಲಿ ಯಾರೋ ಮುಷ್ಟಿಯಲ್ಲಿ ಹಿಂಡಿ ಬಿಟ್ಟಂತೆ ಸೊಟ್ಟಗಿತ್ತು, ಬಾತುಕೋಳಿಯ ಕತ್ತು ಮಡಚಿಹೋಗಿತ್ತು. ಈಗ ನೋಡಿದರೆ ಅಂಗಡಿಯಿಂದ ತಂದಷ್ಟು ದುಂಡಗೆ ನಿಂತಿದೆ.

ಬೆಟ್ಟದ ಮೇಲಿನ ಈ ಊರಿಗೂ ಕೆಳಗಿನ ಬಯಲಿಗೂ ನಡುವೆ ಓಡುವ ರೋಪ್‌ವೇಯಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಗಂಡ ಹೋದ ಚಳಿಗಾಲದಲ್ಲಿ ಸತ್ತಿದ್ದ. ಕಂಪನಿ ಕರುಣೆಯಿಂದ ಕೊಟ್ಟ ಕೆಲಸ ಹಿಡಿದು ಅವಳು ಅವನಿದ್ದ ಕೋಣೆಗೇ ಬಂದಿದ್ದಳು. ಮುಂದಿನದಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಅವನು ತಿರುಗಿಸಿ ಮುಚ್ಚಿದ ಮುಚ್ಚಳ ಅದು. ಅದನ್ನು ಯಾರೂ ತೆರೆಯಕೂಡದು ಎಂದು ಅವಳು ಹಟ ಹಿಡಿದಿದ್ದಳು. ಅತ್ತೆ ಅದನ್ನು ಹುಚ್ಚು ಎಂದಿದ್ದರು. ಅದಕ್ಕಿಂತ ಕೆಟ್ಟದ್ದನ್ನೂ ಅಂದಿದ್ದರು: "ಬಾ ಬಾ ಅಂತ ಅವನು ಗೋಗರೆದ. ನೀನು ಹೋಗ್ಲಿಲ್ಲ. ಅದಕ್ಕೇ ಟವರ್ ಹತ್ತಿ ಹಾರ್ಕೊಂಡ." ಪೊಲೀಸರ ಮಾತೂ ಅದೇ. ರಜೆ ಮುಗಿಸಿ ಬಂದವನು ಬಸ್ಸಿಳಿದು ಮೇಲಕ್ಕೆ ಬರಲೇ ಇಲ್ಲ, ರೋಪ್‌ವೇಯ ಕೆಳಗಿನ ಟವರ್ ಹತ್ತಿ ಹಾರಿದ, ಚೀಲ ಪಕ್ಕದಲ್ಲೇ ಬಿದ್ದಿತ್ತು.

ಇವೆಲ್ಲಕ್ಕಿಂತ ಅವಳ ಕರುಳು ಕಿತ್ತುಬಂದದ್ದು ಮಗಳ ಒಂದು ಪ್ರಶ್ನೆಗೆ. "ಅಮ್ಮ, ಅಪ್ಪಂಗೆ ನಾವು ಬೇಡ ಆಗಿದ್ವಾ?"

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಅವಳು ಮಗಳನ್ನು ಅಮ್ಮನ ಮನೆಯಲ್ಲಿ ಬಿಟ್ಟು ಬೆಟ್ಟ ಹತ್ತಿದ್ದು. ಸಂಬಳ, ನೌಕರಿ ಎಂಬುದೆಲ್ಲ ನೆಂಟರಿಷ್ಟರಿಗೆ ಹೇಳಿದ ಮಾತು.

ಸ್ವೆಟರನ್ನು ಅಲ್ಲೇ ಬಿಟ್ಟು ತಮ್ಮನಿಗೆ ಫೋನ್ ಮಾಡಿದಳು. ಹೆಣ ಬಿಡಿಸಿಕೊಂಡು ಬಂದವನು ಅವನು, ಈ ಚೀಲ, ಈ ಬಾಟಲಿ ಮನೆಗೆ ತಂದುಕೊಟ್ಟವನು ಅವನು. ಈ ಪ್ರಪಂಚದಲ್ಲಿ ಅವಳು ಕಣ್ಣು ಮುಚ್ಚಿ ನಂಬುತ್ತಿದ್ದ ಒಬ್ಬನೇ ಗಂಡಸು.

"ಯಾರೋ ನನ್ನ ಪೆಟ್ಟಿಗೆ ತೆಗೆದಿದಾರೆ ಕಣೋ. ನಿಮ್ಮ ಭಾವನ ಬಾಟಲಿ ಬದಲಾಗಿದೆ."

"ಅದನ್ನ ಇನ್ನೂ ಇಟ್ಕೊಂಡಿದೀಯಾ ಪುಟ್ಟಕ್ಕಾ?"

"ಇಟ್ಕೊಳ್ದೆ?"

"ಯಾರಿಗೂ ತೋರಿಸ್ಬೇಡ. ನಾನು ನೋಡ್ಕೋತೀನಿ," ಎಂದವನು ಫೋನ್ ಇಟ್ಟುಬಿಟ್ಟ.

*

ಅವಳದು ಗಂಟೆಯ ಕೆಲಸ. ರೋಪ್‌ವೇಯ ಗಾಜಿನ ಡಬ್ಬಿಯನ್ನು ಇಲ್ಲಿನವರು ತೊಟ್ಟಿಲು ಎನ್ನುತ್ತಾರೆ. ಜನರನ್ನು ತೊಟ್ಟಿಲಿಗೆ ಹತ್ತಿಸಿ, ಹೊರಗಿನಿಂದ ಚಿಲಕ ಹಾಕಿ, ಗಂಟೆ ಹೊಡೆಯಬೇಕು. ಕೆಳಗಿನಿಂದ ಮರುಗಂಟೆ ಬಂದ ಮೇಲೆ ಬ್ರೇಕಿನವನು ಬ್ರೇಕ್ ಬಿಡುತ್ತಾನೆ. ಕೆಳಗಿನವರು ಹೊಡೆದರೆ ಇವಳು ಮರುಗಂಟೆ ಕೊಡಬೇಕು. ಕೇಳಲು ಸುಲಭ. ಮೊದಲ ವಾರ ಅವಳು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು, ತುಟಿ ಒಡೆದು ರಕ್ತ ಬರುತ್ತಿತ್ತು, ಎಷ್ಟು ಕುದಿಸಿದರೂ ಆಲೂಗಡ್ಡೆ ಬೇಯುತ್ತಿರಲಿಲ್ಲ. ಬೇಯದ ಆಲೂಗಡ್ಡೆ ಮುಂದಿಟ್ಟುಕೊಂಡು ಒಬ್ಬಳೇ ಅತ್ತದ್ದೂ ಉಂಟು. ಯಾವ ದುಃಖಕ್ಕೆ ಅಳುತ್ತಿದ್ದೇನೆಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಕೋಣೆಯ ಬಾಗಿಲ ಹಿಂದೆ ಕೋಟು ನೇತುಹಾಕುವ ಕೊಕ್ಕೆಗಳಿದ್ದವು. ಒಂದು ಅವನ ಎತ್ತರಕ್ಕೆ. ಇನ್ನೊಂದು ಸ್ವಲ್ಪ ಕೆಳಗೆ, ಸರಿಯಾಗಿ ಅವಳ ಕೈಗೆ ಎಟಕುವಂತೆ. ಮೂರನೆಯದು ತೀರಾ ಕೆಳಗೆ, ಮಗುವಿನ ಎತ್ತರಕ್ಕೆ. ಮುಂದಿನ ವರ್ಷ ನೋಡೋಣ ಎಂದು ಅವಳು ಫೋನಿನಲ್ಲಿ ಸಬೂಬು ಹೇಳುತ್ತಿದ್ದ ಕಾಲದಲ್ಲಿ ಅವನು ಇಲ್ಲಿ ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಸಾಯಲು ಹೊರಟವನು ಇಂಥ ಕೆಲಸ ಮಾಡುತ್ತಾನೆಯೇ? ಹಾಗೆಂದು ಪೊಲೀಸರನ್ನು ಕೇಳಿದರೆ ನಗುತ್ತಾರೆ, ಅಷ್ಟೆ.

ಕೋಣೆಯ ಇನ್ನೊಂದು ಕೀಲಿ ಇದ್ದದ್ದು ಕ್ಯಾಂಟೀನಿನ ಚಿಕ್ಕಮ್ಮನ ಹತ್ತಿರ. ಮಧ್ಯಾಹ್ನದ ಬಿಡುವಿನಲ್ಲಿ ಬಾಟಲಿಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು ಅವಳು ಅಲ್ಲಿಗೆ ಹೋದಳು.

"ಚಿಕ್ಕಮ್ಮ, ನನ್ನ ಪೆಟ್ಟಿಗೆ ಯಾರಾದ್ರೂ ತೆಗೆದಿದ್ರಾ?"

ಚಿಕ್ಕಮ್ಮ ಸೌಟನ್ನು ಕೆಳಗಿಟ್ಟಳು. "ಬಿಸಿನೀರು ಇಡೋಕೆ ಬರ್ತೀನಿ, ಇಟ್ಟು ಹೋಗ್ತೀನಿ. ಪೆಟ್ಟಿಗೆ ಮುಟ್ಟಿದ್ರೆ ನನ್ನ ಕೈ ಬಿದ್ದುಹೋಗ್ಲಿ. ಏನು ಕಳ್ದೋಯ್ತು?"

"ಕಳೆದಿಲ್ಲ. ಸರಿಹೋಗಿದೆ."

"ಸರಿಹೋಗಿದ್ದಕ್ಕೆ ದೂರು ಕೊಡೋಕೆ ಬಂದಿದಾರೆ ನೋಡು," ಎಂದ ಮೂಲೆಯಲ್ಲಿ ಟೀ ಹೀರುತ್ತಿದ್ದ ಬ್ರೇಕಿನವನು. ಬಿಸಿಲು ಬಂದರೂ ಗೊಣಗುತ್ತಾನೆ, ಮೋಡ ಬಂದರೂ ಗೊಣಗುತ್ತಾನೆ ಎಂದು ಅವನಿಗೆ ಗೊಣಗಪ್ಪ ಎಂದೇ ಹೆಸರು. "ನನ್ನ ಮೊಣಕಾಲೂ ಹಂಗೇ ಒಂದಿನ ಸರಿಹೋಗ್ಲಿ, ನಾನು ದೂರೇ ಕೊಡಲ್ಲ."

ಚಿಕ್ಕಮ್ಮ ಅವನನ್ನು ಗದರಿ, ಇವಳ ಮುಂದೆ ಒಂದು ಚಿಪ್ಸ್ ಪ್ಯಾಕೆಟ್ ಇಟ್ಟಳು. "ಮೊದ್ಲು ಏನಾದ್ರೂ ತಿನ್ನು. ಮುಖ ಬಿಳಿಚಿಕೊಂಡಿದೆ."

ಪ್ಯಾಕೆಟ್ ದಿಂಬಿನಂತೆ ಊದಿಕೊಂಡಿತ್ತು. ತಲೆಯೆತ್ತಿ ನೋಡಿದಳು. ದಾರದಲ್ಲಿ ನೇತುಹಾಕಿದ್ದ ಪ್ಯಾಕೆಟ್ಟುಗಳೆಲ್ಲ ಊದಿಕೊಂಡು ಈಗಲೋ ಆಗಲೋ ಎನ್ನುತ್ತಿದ್ದವು. ದಿನಾ ನೋಡುತ್ತಿದ್ದದ್ದೇ. ಇವತ್ತು ಮಾತ್ರ ಅವಳ ಕಣ್ಣು ಅಲ್ಲೇ ನಿಂತಿತು.

"ಇವು ಯಾಕೆ ಹೀಗೆ?"

"ಕೆಳಗಿನವರು ಗಾಳಿ ತುಂಬಿ ಕಳಿಸ್ತಾರೆ, ನಾವು ಕಾಸು ಕೊಟ್ಟು ಗಾಳಿ ತಿಂತೀವಿ," ಎಂದ ಗೊಣಗಪ್ಪ.

"ಸುಮ್ನಿರಯ್ಯ. ಕೆಳಗೆ ಗಾಳಿ ದಪ್ಪ, ಇಲ್ಲಿ ತೆಳು," ಎಂದಳು ಚಿಕ್ಕಮ್ಮ. "ಅಲ್ಲಿ ಮುಚ್ಚಿದ್ದು ಇಲ್ಲಿ ಬಂದು ಉಬ್ಬತ್ತೆ. ಇಲ್ಲಿ ಮುಚ್ಚಿದ್ದು ಕೆಳಗೆ ಹೋದ್ರೆ ಅಪ್ಪಚ್ಚಿ ಆಗತ್ತೆ. ನಮ್ಮಕ್ಕನ ಮನೆಗೆ ಇಲ್ಲಿಂದ ಒಂದು ಬಾಟಲಿ ಎಣ್ಣೆ ತಗೊಂಡು ಹೋಗಿದ್ದೆ. ಚೀಲದಿಂದ ತೆಗೆದ್ರೆ ಯಾರೋ ತುಳಿದ ಹಂಗಿತ್ತು. ವಾಪಸ್ ತಂದೆ, ಇಲ್ಲಿ ಬಂದ ತಕ್ಷಣ ತಾನೇ ಸರಿಹೋಯ್ತು."

ಅವಳು ಶಾಲಿನೊಳಗಿನ ಬಾಟಲಿಯನ್ನು ಒತ್ತಿ ಹಿಡಿದಳು.

ರಜೆ ಮುಗಿಸಿ ಹೊರಟ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವಳೇ ಕೊಂಡುಕೊಟ್ಟ ಬಾಟಲಿ ಅದು. ಸೀಲು ಒಡೆಯದ ಹೊಸ ಬಾಟಲಿ. "ಅಪ್ಪಂದು ಕಳೆದುಹೋಗಬಾರ್ದು" ಎಂದು ಮಗಳು ಬಾತುಕೋಳಿ ಅಂಟಿಸಿದ್ದಳು. ಬಸ್ಸು ಮರೆಯಾಗುವವರೆಗೂ ಅವನು ಕಿಟಕಿಯಿಂದ ಆ ಬಾಟಲಿ ಹಿಡಿದೇ ಕೈ ಬೀಸಿದ್ದ.

ಕೆಳಗೆ ನೀರು ಕುಡಿದು ಕೆಳಗೇ ಮುಚ್ಚಿದ್ದರೆ ಅದು ಊರಿನ ಮನೆಯಲ್ಲಿ ಸೊಟ್ಟಗಾಗುವ ಕಾರಣವಿರಲಿಲ್ಲ. ಪೆಟ್ಟಿಗೆಯನ್ನು ಯಾರೂ ಮುಟ್ಟಿಲ್ಲ. ಬಾಟಲಿಯನ್ನು ಯಾರೂ ಬದಲಿಸಿಲ್ಲ. ಅದರೊಳಗಿದ್ದದ್ದು ಈ ಬೆಟ್ಟದ ಗಾಳಿ. ಇಷ್ಟು ದಿನ ಹಿಂಡಿಹೋಗಿದ್ದದ್ದು ತನ್ನ ಜಾಗಕ್ಕೆ ಬಂದು ಮೈ ಬಿಚ್ಚಿದೆ.

ಅಂದರೆ ಅವನು ಆ ದಿನ ಮೇಲೆ ಬಂದಿದ್ದ. ಇಲ್ಲೇ ಎಲ್ಲೋ ನಿಂತು ನೀರು ಕುಡಿದಿದ್ದ. ಇಲ್ಲೇ ಮುಚ್ಚಳ ತಿರುಗಿಸಿದ್ದ.

ಮೇಲೆ ಬರಲೇ ಇಲ್ಲ ಎಂದು ಪೊಲೀಸರಿಗೆ ಹೇಳಿದವರು ಯಾರು? ಮೇಲಿನ ರೋಪ್‌ವೇ ಸ್ಟೇಷನ್ನಿನ ಯಜಮಾನರು. ಅವಳಿಗೆ ಹೊದೆಯಲು ತಮ್ಮ ಸ್ವಂತ ರಜಾಯಿ ಕೊಟ್ಟವರು, ಕೈ ಹಿಡಿದು ಗಂಟೆ ಹೊಡೆಯಲು ಕಲಿಸಿದವರು, ಊರಿಗೆಲ್ಲ ದೊಡ್ಡಣ್ಣ.

*

ದೊಡ್ಡಣ್ಣನ ಕೋಣೆ ಬ್ರೇಕ್ ಕೋಣೆಯ ಪಕ್ಕದಲ್ಲೇ. ಅವರು ಹೀಟರಿನ ಮುಂದೆ ಕಾಲು ಚಾಚಿಕೊಂಡು ಕನ್ನಡಕದ ಕಾಲಿಗೆ ದಾರ ಸುತ್ತುತ್ತಿದ್ದರು.

"ಬಾ ತಾಯಿ. ಕೂತ್ಕೋ. ಇವತ್ತು ಸ್ವೆಟರ್ ಇಲ್ದೆ ಬಂದಿದೀಯಲ್ಲ?"

ಅವಳು ಕೂರಲಿಲ್ಲ. ಶಾಲಿನೊಳಗಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

"ಇದು ಇವರ ಚೀಲದಲ್ಲಿತ್ತು. ಊರಲ್ಲಿ ಸೊಟ್ಟಗಿತ್ತು. ಇಲ್ಲಿ ಬಂದ ಮೇಲೆ ದುಂಡಗಾಗಿದೆ."

ದೊಡ್ಡಣ್ಣ ಬಾಟಲಿಯನ್ನೇ ನೋಡಿದರು. ಈ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಮುಖ ಕಪ್ಪಿಟ್ಟಿತು.

"ಅವರು ಮೇಲೆ ಬಂದಿದ್ರು, ಅಲ್ವಾ ದೊಡ್ಡಣ್ಣ?"

"ಹಳೇ ಬಾಟಲಿ ಇರ್ಬೇಕು ಕಣಮ್ಮ."

"ಅವತ್ತು ಬೆಳಿಗ್ಗೆ ನಾನೇ ತೆಗೆದುಕೊಟ್ಟಿದ್ದು. ಈ ಬಾತುಕೋಳಿ ಅಂಟಿಸಿದ್ದು ನನ್ನ ಮಗಳು. ಬೇಕಾದ್ರೆ ನಾಳೆ ಮೊದಲ ತೊಟ್ಟಿಲಲ್ಲಿ ಕೆಳಗೆ ಹೋಗ್ತೀನಿ. ಪೊಲೀಸರ ಮೇಜಿನ ಮೇಲೆ ಇಟ್ಟು ಕೂರ್ತೀನಿ. ಅವರ ಕಣ್ಣೆದುರಿಗೇ ಇದು ಮತ್ತೆ ಸೊಟ್ಟಗಾಗತ್ತೆ. ಆಗ ನೀವು ಏನು ಹೇಳ್ತೀರೋ ನೋಡೋಣ."

ಕನ್ನಡಕ ಅವರ ಕೈಯಿಂದ ಜಾರಿ ಮಡಿಲಿಗೆ ಬಿತ್ತು. ಅದನ್ನು ಎತ್ತಿಕೊಳ್ಳುವ ನೆಪದಲ್ಲಿ ಬಹಳ ಹೊತ್ತು ತಲೆ ತಗ್ಗಿಸಿಕೊಂಡೇ ಇದ್ದರು.

"ಎಲ್ಲಾ ನೋಡ್ಕೊಂಡ್ವಿ," ಎಂದರು ಕೊನೆಗೆ. "ಬಾಟಲಿ ಒಂದು ನೋಡ್ಲಿಲ್ಲ."

ಇಷ್ಟು ದಿನ ಈ ಮಾತನ್ನೇ ಕೇಳಲು ಅವಳು ಕಾಯುತ್ತಿದ್ದಳು. ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಹಾರ್ಲಿಲ್ಲ ತಾನೇ? ಅದೊಂದು ಹೇಳಿ ಸಾಕು. ಅವರೇ ಹಾರ್ಲಿಲ್ಲ ತಾನೇ?"

"ಇಲ್ಲ ತಾಯಿ. ಹಾರ್ಲಿಲ್ಲ."

ಅವಳು ಅತ್ತುಬಿಟ್ಟಳು. ಮಗಳಿಗೆ ಕೊಡಬೇಕಾದ ಉತ್ತರ ಸಿಕ್ಕಿತ್ತು. ಅದನ್ನು ಕೇಳಿ ಮಗಳು ಕುಣಿಯುತ್ತಾಳೋ, ಇನ್ನಷ್ಟು ಅಳುತ್ತಾಳೋ, ಯಾರಿಗೆ ಗೊತ್ತು?

ದೊಡ್ಡಣ್ಣ ಅವಳ ಅಳು ಇಳಿಯುವವರೆಗೂ ಕಾದರು. ಆಮೇಲೆ ಗೋಡೆಯಾಚೆ ಬ್ರೇಕ್ ಕೋಣೆಯ ಕಡೆ ಕೈ ತೋರಿಸಿದರು.

"ನಮ್ಮಲ್ಲಿ ಒಂದು ರೂಢಿ ಇದೆ, ನಿನಗೂ ಹೇಳಿದೀನಿ. ಮೇಲಿನ ಚಕ್ರ ರಿಪೇರಿ ಮಾಡೋಕೆ ಹತ್ತುವವನು ತನ್ನ ಮೈಮೇಲಿನ ಒಂದು ಬಟ್ಟೆ ಬ್ರೇಕಿನ ಹಿಡಿಗೆ ಕಟ್ಟಿ ಹೋಗ್ಬೇಕು. ಅವನೇ ಇಳಿದು ಬಂದು ಬಿಚ್ಚೋವರೆಗೂ ಬ್ರೇಕ್ ಯಾರೂ ಮುಟ್ಟೋ ಹಾಗಿಲ್ಲ. ಅವತ್ತು ನಿನ್ನ ಗಂಡ ತನ್ನ ಮಫ್ಲರ್ ಕಟ್ಟಿ ಹತ್ತಿದ. ಗೊಣಗಪ್ಪ ಊಟಕ್ಕೆ ಹೋಗಿದ್ದ. ವಾಪಸ್ ಬಂದಾಗ ಹಿಡಿ ಮೇಲೆ ಮಫ್ಲರ್ ಇರ್ಲಿಲ್ಲ. ಗಂಟೆ ಬಂತು. ಬ್ರೇಕ್ ಬಿಟ್ಟ."

ಅವಳು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು.

"ಚಕ್ರದಿಂದ ಪ್ಲಾಟ್‌ಫಾರ್ಮ್ ಮೇಲೆ ಬಿದ್ದ. ಕಾಲು ಮುರೀತು. ಪ್ರಾಣಕ್ಕೇನೂ ಆಗಿರ್ಲಿಲ್ಲ ತಾಯಿ. ಮಾತಾಡ್ತಿದ್ದ. ನೀರು ಕೇಳಿ ಕುಡಿದ. ಕಾಲು ನೆಟ್ಟಗಾಗೋವರೆಗೂ ಹೆಂಡತಿ ಕೈಯಲ್ಲಿ ಸೇವೆ ಮಾಡಿಸ್ಕೋತೀನಿ, ಈಗಾದ್ರೂ ಬಂದೇ ಬರ್ತಾಳೆ ಅಂತ ನಕ್ಕ. ನಾನೇ ಎತ್ತಿ ತೊಟ್ಟಿಲಲ್ಲಿ ಮಲಗಿಸ್ದೆ. ಆಸ್ಪತ್ರೆ ಇರೋದು ಕೆಳಗೆ ತಾನೇ? ತೊಟ್ಟಿಲು ಕೆಳಗೆ ಮುಟ್ಟಿದಾಗ ಉಸಿರಿರ್ಲಿಲ್ಲ."

"ಕಾಲು ಮುರಿದವರು ಅಷ್ಟರಲ್ಲಿ ಹೇಗೆ ಸಾಯ್ತಾರೆ?"

"ಅದನ್ನೇ ನಾನೂ ಕೇಳ್ಕೋತಾ ಇದೀನಿ. ಪೊಲೀಸರು ಬಂದ್ರೆ ರೋಪ್‌ವೇ ಮುಚ್ಚಿಸ್ತಾರೆ, ಊರಿಗೂರೇ ಹೊಟ್ಟೆಗಿಲ್ದೆ ಸಾಯತ್ತೆ ಅಂತ ನಾವು ಬಾಯಿಗೆ ಬೀಗ ಹಾಕ್ಕೊಂಡ್ವಿ. ಆ ಟವರ್ ಕಥೆ ಮಾತ್ರ ನಮ್ಮದಲ್ಲ. ಅದನ್ನ ಕಟ್ಟಿದವನು ಜೊತೇಲಿ ಹೋದವನು."

"ಜೊತೇಲಿ ಯಾರು ಹೋಗಿದ್ರು?"

ದೊಡ್ಡಣ್ಣ ಕನ್ನಡಕದ ಕಾಲಿಗೆ ಮತ್ತೆ ದಾರ ಸುತ್ತತೊಡಗಿದರು.

"ಮಫ್ಲರ್ ತೆಗೆದವರು ಯಾರು ದೊಡ್ಡಣ್ಣ?"

"ಇಬ್ಬರೂ ಒಬ್ಬನೇ. ಈ ಊರಿನವನಾಗಿದ್ರೆ ಆ ಮಫ್ಲರ್ ಮುಟ್ತಿರ್ಲಿಲ್ಲ. ಬಯಲಿನವನು. ಅವತ್ತು ಮುಂದಿನ ಸ್ಟಾಪಲ್ಲಿ ಅದೇ ಬಸ್ ಹತ್ತಿ, ಭಾವನ ಜೊತೆ ಬೆಟ್ಟ ನೋಡೋಕೆ ಅಂತ ಬಂದಿದ್ದ. ಚಳಿ ಆಯ್ತು, ಭಾವನ ಮಫ್ಲರ್ ನೇತಾಡ್ತಾ ಇದೆ, ತೆಗೆದು ಕುತ್ತಿಗೆಗೆ ಸುತ್ಕೊಂಡ. ಭಾವನ ಬಟ್ಟೆ ಹಾಕ್ಕೊಳ್ಳೋಕೆ ಯಾರ ಅಪ್ಪಣೆ ಬೇಕು?"

"ಸುಳ್ಳು," ಎಂದಳು ಅವಳು. "ನನ್ನ ತಮ್ಮ ಅವತ್ತು ಊರಲ್ಲೇ ಇದ್ದ. ಸಂಜೆ ಫೋನ್ ಬಂದ ಮೇಲೆ ಹೊರಟಿದ್ದು."

"ಹಾಗಂತ ನಿನಗೆ ಹೇಳಿದಾನೆ. ಪ್ಲಾಟ್‌ಫಾರ್ಮ್ ಮೇಲೆ ಕೂತು ತಲೆ ಚಚ್ಕೋತಿದ್ದ. ಪುಟ್ಟಕ್ಕಂಗೆ ಏನು ಹೇಳ್ಲಿ, ಪುಟ್ಟಕ್ಕಂಗೆ ಏನು ಹೇಳ್ಲಿ, ಅದೊಂದೇ ಮಾತು."

ಅವಳನ್ನು ಪುಟ್ಟಕ್ಕ ಎಂದು ಕರೆಯುವವನು ಈ ಭೂಮಿಯ ಮೇಲೆ ಒಬ್ಬನೇ. ಆ ಹೆಸರನ್ನು ಅವಳು ಈ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಗಂಡ ಸತ್ತಾಗ ಅವಳಿಗೆ ಅರ್ಧ ಜೀವ ಹೋಗಿತ್ತು. ಉಳಿದರ್ಧವನ್ನು ಹಿಡಿದು ನಿಲ್ಲಿಸಿದ್ದವನು ತಮ್ಮ. ತುತ್ತು ಮಾಡಿ ತಿನ್ನಿಸಿದ್ದ. ಅತ್ತೆಯ ಮಾತಿಗೆ ಎದುರು ನಿಂತಿದ್ದ. ಬೆಟ್ಟಕ್ಕೆ ಮಾತ್ರ ಹೋಗಬೇಡ ಎಂದು ಕಾಲು ಹಿಡಿದಿದ್ದ. ಅದು ಅಕ್ಕನ ಮೇಲಿನ ಪ್ರೀತಿ ಎಂದುಕೊಂಡಿದ್ದಳು. ಪ್ರೀತಿಯೇ ಇರಬಹುದು. ಅದರ ಹಿಂದೆ ಇನ್ನೇನಿತ್ತೋ!

ಅಮ್ಮನ ಮನೆಗೆ ಫೋನ್ ಮಾಡಿದಳು.

"ಅಮ್ಮ, ತಮ್ಮ ಎಲ್ಲಿ?"

"ಅಯ್ಯೋ, ನಿನಗೆ ಹೇಳ್ಬೇಡ ಅಂದಿದ್ದ," ಎಂದು ನಕ್ಕಳು ಅಮ್ಮ. "ಬೆಳಿಗ್ಗೆ ನೀನು ಫೋನ್ ಇಟ್ಟ ಮೇಲೆ ಮಂಕಾಗಿ ಕೂತಿದ್ದ. ಆಮೇಲೆ ಎದ್ದು, ಮಗೂನ ಅಕ್ಕನ ಹತ್ರ ಕರ್ಕೊಂಡು ಹೋಗ್ತೀನಿ ಅಂದ. ಆಗ್ಲೇ ಬಸ್ ಹತ್ತಿದ್ರು. ಇಷ್ಟೊತ್ತಿಗೆ ಬೆಟ್ಟದ ಕೆಳಗೆ ಬಂದಿರ್ಬೇಕಲ್ಲ?"

ಹೊರಗೆ ಕೆಳಗಿನವರ ಗಂಟೆ ಮೊಳಗಿತು.

ಅವಳು ಎದ್ದೆನೋ ಬಿದ್ದೆನೋ ಎಂದು ಹೊರಗೆ ಓಡಿದಳು. "ಮರುಗಂಟೆ ಕೊಡ್ಬೇಡಿ! ಕೊಡ್ಬೇಡಿ!"

"ಕೊಟ್ಟಾಯ್ತಲ್ಲಕ್ಕಾ," ಎಂದ ಗೊಣಗಪ್ಪ. "ನೀವು ಜಾಗದಲ್ಲಿ ಇರ್ಲಿಲ್ಲ. ಬೈಸ್ಕೊಳ್ಳೋನು ನಾನು ತಾನೇ, ಅದಕ್ಕೇ ಹೊಡೆದೆ."

ದೊಡ್ಡ ಚಕ್ರ ತಿರುಗುತ್ತಿತ್ತು. ಹಗ್ಗ ಮೋಡದೊಳಗಿನಿಂದ ಬರುತ್ತಲೇ ಇತ್ತು.

"ನಿಲ್ಲಿಸಿ."

"ಈಗ ನಿಲ್ಲಿಸಿದ್ರೆ ನಡುವೆ ನೇತಾಡ್ತಾರೆ. ಯಾರಿದಾರೆ ಅದರಲ್ಲಿ?"

ಮಗುವಾಗಿದ್ದಾಗ ಸೊಂಟದ ಮೇಲೆ ಹೊತ್ತು ಆಡಿಸಿದ ತಮ್ಮ ಅದರಲ್ಲಿದ್ದಾನೆ, ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಅವನ ಪಕ್ಕದಲ್ಲಿ ಕೂತಿದ್ದಾಳೆ. ಇವರಿಬ್ಬರೂ ಒಟ್ಟಿಗೆ ಬರುತ್ತಿದ್ದರೆ ನಿನ್ನೆಯವರೆಗೂ ಅವಳು ಕುಣಿದಾಡುತ್ತಿದ್ದಳು. ಈಗ ಯಾವ ದೇವರನ್ನು ಏನೆಂದು ಬೇಡಿಕೊಳ್ಳಬೇಕೆಂದೂ ತಿಳಿಯದೆ ಕಂಬಿ ಹಿಡಿದು ನಿಂತಳು.

ಮೋಡದಿಂದ ತೊಟ್ಟಿಲು ಹೊರಬಂತು. ಅದು ನಿಲ್ಲುವ ಮೊದಲೇ ಅವಳು ಚಿಲಕ ಎಳೆದಳು.

ಒಳಗೆ ತರಕಾರಿ ಮಾರುವ ಹೆಂಗಸು. ಅವಳ ಬುಟ್ಟಿಗಳ ನಡುವೆ ಮಗಳು.

ತಮ್ಮ ಇರಲಿಲ್ಲ.

ಮಗಳನ್ನು ಬಾಚಿ ತಬ್ಬಿಕೊಂಡಳು. ಕೈ, ಕಾಲು, ಕೆನ್ನೆ ಮುಟ್ಟಿ ಮುಟ್ಟಿ ನೋಡಿದಳು. "ಮಾಮ ಎಲ್ಲಿ ಕಂದಾ?"

"ಹತ್ತಲ್ಲ ಅಂದ. ಈ ಅಜ್ಜಿ ಜೊತೆ ಕೂರಿಸಿ, ಬಾಗಿಲು ಹಾಕೋವರೆಗೂ ನಿಂತಿದ್ದ. ಅಳ್ತಾ ಇದ್ದ ಅಮ್ಮ." ಮಗಳು ಅವಳ ಕಿವಿಗೆ ಬಾಯಿ ತಂದಳು. "ನಿಂಗೆ ಮಾತ್ರ ಹೇಳು ಅಂದ. ತಪ್ಪದೆ ಹೇಳ್ಬೇಕು ಅಂತ ನನ್ನ ಬಾಯಲ್ಲಿ ಹೇಳಿಸ್ದ ಕೂಡ."

"ಏನು?"

"ಬಾಟಲಿನ ದೊಡ್ಡಣ್ಣ ಅನ್ನೋರ ಕೈಗೆ ಕೊಡ್ಬೇಡ. ನಾನು ಮಾಡಿದ್ದು ಒಂದೇ ತಪ್ಪು, ಮಫ್ಲರ್ ತೆಗೆದದ್ದು. ಭಾವ ಉಸಿರಾಡ್ತಿದ್ದಾಗ್ಲೇ ಅವರು ನನ್ನ ತೊಟ್ಟಿಲಿಂದ ಇಳಿಸಿ, ತಾವು ಹತ್ತಿದ್ರು."

ಅವಳು ಮಗಳನ್ನು ಗೊಣಗಪ್ಪನ ಕೈಗೆ ಒಪ್ಪಿಸಿ, ಬಂದ ದಾರಿಯಲ್ಲೇ ಓಡಿದಳು.

ಕೋಣೆಯ ಬಾಗಿಲು ತೆರೆದೇ ಇತ್ತು. ದೊಡ್ಡಣ್ಣ ಹೀಟರಿನ ಮುಂದೆ ಮೊದಲಿನ ಹಾಗೇ ಕಾಲು ಚಾಚಿ ಕೂತಿದ್ದರು. ಮೇಜಿನ ಮೇಲೆ ಬಾಟಲಿ ಇತ್ತು. ಅದರ ಪಕ್ಕದಲ್ಲಿ, ಅವನು ತಿರುಗಿಸಿ ಮುಚ್ಚಿದ್ದ ಮುಚ್ಚಳ ಬಿಚ್ಚಿ ಬಿದ್ದಿತ್ತು. ಒಳಗೆ ಒಂದು ಹನಿ ನೀರಿರಲಿಲ್ಲ.

"ಮಾತಾಡಿ ಮಾತಾಡಿ ಗಂಟಲು ಒಣಗಿತ್ತು ಕಣಮ್ಮ," ಎಂದರು ದೊಡ್ಡಣ್ಣ, ಅಂಗೈಯಿಂದ ಬಾಯಿ ಒರೆಸಿಕೊಳ್ಳುತ್ತ.